ಹಳೆ ಸೋಲಾರ್ ಪ್ಯಾನೆಲ್ ಇಳಿಸುವ ಮೊದಲು ಅಳೆದು ನೋಡಿ

ಸಂಪಾದಕರಿಗೆ ನಮಸ್ಕಾರ.

ಸಿದ್ದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಸೋಲಾರ್ ದೀಪ ಹಾಕುವುದು, ರಿಪೇರಿ ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಈಚೆಗೆ ನೋಡುತ್ತಿರುವುದನ್ನು ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ.

ಹೋದ ತಿಂಗಳು ತೋಟದ ನಡುವಿನ ಒಂಟಿಮನೆಯಿಂದ ಫೋನ್ ಬಂತು. 2003ರಲ್ಲಿ ಬ್ಯಾಂಕ್ ಸಾಲ ಮಾಡಿ ಹಾಕಿಸಿದ 37 ವ್ಯಾಟಿನ ಪ್ಯಾನೆಲ್. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ವಾರಗಟ್ಟಲೆ ಆ ಮನೆಗೆ ಅದೇ ದೀಪ. ‘ಇಪ್ಪತ್ತು ವರ್ಷದ ಮೇಲಾಯ್ತಲ್ಲ, ಪ್ಯಾನೆಲ್ ಸತ್ತಿದೆ, ಪೂರ್ತಿ ಹೊಸದು ಹಾಕಿಸಿ’ ಅಂತ ಮಾರುವವರೊಬ್ಬರು ಹೇಳಿ ಹೋಗಿದ್ದರಂತೆ. ಮನೆಯ ಅಜ್ಜಿ ಅಡಿಕೆ ದುಡ್ಡಿನಲ್ಲಿ ಹದಿನೆಂಟು ಸಾವಿರ ತೆಗೆದಿಟ್ಟಿದ್ದರು.

ಏಣಿ ಹತ್ತಿ ನೋಡಿದೆ. ಗಾಜಿನ ಕೆಳ ಅಂಚಿಗೆ ಹಾವಸೆ ಕಟ್ಟಿತ್ತು. ಅವತ್ತು ಮೊಣಕಾಲೆತ್ತರ ಇದ್ದ ಹಲಸಿನ ಗಿಡ ಈಗ ಮಾಡು ದಾಟಿ ಬೆಳೆದಿದೆ. ಮಧ್ಯಾಹ್ನ ಎರಡಕ್ಕೆಲ್ಲ ಅದರ ನೆರಳು ಪ್ಯಾನೆಲ್ ಮೇಲೆ. ಪ್ಯಾನೆಲ್ ಒಳಗಿನ ಬಿಲ್ಲೆಗಳೆಲ್ಲ (ಬಿಸಿಲನ್ನು ಕರೆಂಟು ಮಾಡುವ ಸೆಲ್‌ಗಳು) ಸರಪಳಿಯಂತೆ ಜೋಡಿಸಿರುತ್ತವೆ. ಒಂದೆರಡಕ್ಕೆ ನೆರಳು ಬಿದ್ದರೂ ಉಳಿದವುಗಳ ಕರೆಂಟಿಗೂ ಅಲ್ಲೇ ತಡೆಯಾಗುತ್ತದೆ. ನೆರಳು ಬರುವ ಮೊದಲೇ ಗಾಜು ಒರೆಸಿ, ವೈರ್ ಬಿಚ್ಚಿ, ಮೀಟರ್ ಹಿಡಿದೆ. 20 ವೋಲ್ಟ್, 2 ಆಂಪಿಯರ್. ಹಿಂಬದಿಯ ಚೀಟಿಯಲ್ಲಿ ಇದ್ದದ್ದು 2.4 ಆಂಪಿಯರ್. ಐದರಲ್ಲಿ ನಾಲ್ಕು ಪಾಲು ಇನ್ನೂ ಉಳಿದಿದೆ, ಅಲ್ವಾ? ಸತ್ತಿದ್ದು ಬ್ಯಾಟರಿ. ವರ್ಷಗಟ್ಟಲೆ ಡಿಸ್ಟಿಲ್ಡ್ ವಾಟರ್ ಹಾಕದೆ ಒಣಗಿತ್ತು. ಪ್ಯಾನೆಲ್ ಹಿಂದೆ ವೈರ್ ಸೇರುವ ಜಂಕ್ಷನ್ ಬಾಕ್ಸಿನಲ್ಲಿ ಇರುವೆ ಗೂಡು ಕಟ್ಟಿ ವೈರಿನ ತುದಿಗೆ ಹಸಿರು ಕಿಲುಬು ಹಿಡಿದಿತ್ತು.

‘ಹಂಗಾರೆ ಇದನ್ನ ಇಳಿಸೋದು ಬೇಡ ತಮಾ’ ಅಂದರು ಅಜ್ಜಿ. ಬ್ಯಾಟರಿ ಬದಲಿಸಿ, ವೈರ್ ಸರಿಮಾಡಿ, ಹಲಸಿನ ಎರಡು ಟೊಂಗೆ ಕಡಿಸಿ ಬಂದೆ.

ಒಳ್ಳೆಯ ಪ್ಯಾನೆಲ್ ದಿಢೀರನೆ ಸಾಯುವುದಿಲ್ಲ. ವರ್ಷಕ್ಕೆ ಸುಮಾರು ಶೇ 0.5ರಿಂದ 0.8ರಷ್ಟು ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ. 25 ವರ್ಷದ ಕೊನೆಗೆ ಶೇ 80 ಉಳಿಯುತ್ತದೆ ಅಂತ ಕಂಪನಿಗಳು ವಾರಂಟಿ ಕೊಡುವುದು ಇದೇ ಲೆಕ್ಕದಲ್ಲಿ. ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ 1982ರಲ್ಲಿ ಹಾಕಿದ ಪ್ಯಾನೆಲ್‌ಗಳನ್ನು 35 ವರ್ಷದ ನಂತರವೂ ಅಳೆದು ನೋಡಿದ್ದಾರೆ. ಅವು ಆಗಲೂ ಕರೆಂಟು ಕೊಡುತ್ತಿದ್ದವು.

ನಿಜಕ್ಕೂ ಹಾಳಾಗುವವೂ ಇವೆ. ಮಂಗ ಹಾರಿ ಗಾಜು ಒಡೆದು ನೀರು ಇಳಿದದ್ದು, ಒಂದು ಬಿಲ್ಲೆ ಸುಟ್ಟು ಕಂದು ಕಲೆ ಬಿದ್ದದ್ದು, ಹಿಂದಿನ ಬಿಳಿ ಹಾಳೆ ಬಿರುಕು ಬಿಟ್ಟು ಪುಡಿಯಾಗಿದ್ದು. ಇಂಥದ್ದನ್ನು ನಾನೇ ಇಳಿಸುತ್ತೇನೆ. ಸೆಕೆಯೂ ಪ್ಯಾನೆಲ್‌ಗೆ ಆಗಿಬರುವುದಿಲ್ಲ. ಬಿಲ್ಲೆಗಳ ಬಿಸಿ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು ಶೇ 0.4 ಶಕ್ತಿ ಇಳಿಯುತ್ತದೆ. ತಗಡಿನ ಮಾಡಿಗೆ ಅಂಟಿಸಿದಂತೆ ಕೂರಿಸಿದರೆ ಬಿಸಿ ಹೋಗಲು ದಾರಿಯೇ ಇಲ್ಲ. ಕೆಳಗೆ ಗಾಳಿ ಆಡಲು ಒಂದು ಗೇಣಾದರೂ ಜಾಗ ಬಿಡಿ.

ಈಗ ಮನೆಯ ಮಾಡಿನ ಮೇಲೆ ಸೋಲಾರ್ ಹಾಕಿಸುವ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ನಮ್ಮ ಕಡೆಯೂ ಜನ ಹಾಕಿಸುತ್ತಿದ್ದಾರೆ, ಸಂತೋಷ. ಆದರೆ ಹಾಕಿದ ದಿನವೇ ಪ್ಯಾನೆಲ್‌ನ ಸೀರಿಯಲ್ ನಂಬರ್, ಅವತ್ತಿನ ಅಳತೆ ಎರಡನ್ನೂ ಬರೆದು ಮನೆಯವರ ಕೈಗೆ ಕೊಡಬೇಕು. ಮೊದಲ ದಿನದ ಅಳತೆ ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಎಷ್ಟು ಇಳಿದಿದೆ ಅಂತ ಯಾವುದಕ್ಕೆ ಹೋಲಿಸುವುದು? ವಾರಂಟಿ ಕೇಳುವುದಾದರೂ ಹೇಗೆ? (ಮಾಡಿನ ಮೇಲಿನ ಈ ದೊಡ್ಡ ಸೋಲಾರ್‌ಗಳಲ್ಲಿ ನೂರಾರು ವೋಲ್ಟ್ ಡಿಸಿ ಕರೆಂಟು ಇರುತ್ತದೆ. ದಯವಿಟ್ಟು ನೀವೇ ವೈರ್ ಬಿಚ್ಚಬೇಡಿ.)

ಒಡೆದ ಪ್ಯಾನೆಲ್‌ಗಳ ಚಿಂತೆ ನನಗೆ ಇದಕ್ಕಿಂತ ಜಾಸ್ತಿ. ಗುಜರಿಯವರು ಅಲ್ಯುಮಿನಿಯಂ ಚೌಕಟ್ಟು ಕಿತ್ತುಕೊಂಡು ಉಳಿದದ್ದನ್ನು ಹಳ್ಳದ ಬದಿಗೆ ಎಸೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆಸುಗೆಯಲ್ಲಿ ಸೀಸ ಇರುತ್ತದೆ, ಅದೇ ಹಳ್ಳದ ನೀರು ತೋಟಕ್ಕೆ ಹರಿಯುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲ್ ಸೇರಿದೆ. ತಯಾರಿಸುವವರು 2034–35ರವರೆಗೆ ಹಾಳಾದವನ್ನು ಸಂಗ್ರಹಿಸಿ ಇಡಬೇಕು. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ಒಂದರಲ್ಲೇ 2,050 ಮೆಗಾವ್ಯಾಟ್ ಪ್ಯಾನೆಲ್‌ಗಳಿವೆ, ಅವಕ್ಕೂ ಒಟ್ಟೊಟ್ಟಿಗೆ ವಯಸ್ಸಾಗುತ್ತದೆ. ಅಷ್ಟರೊಳಗೆ ತಾಲ್ಲೂಕಿಗೊಂದು ಜಾಗ ಬೇಕು. ಹಳೆ ಪ್ಯಾನೆಲ್ ತಂದರೆ ಅಲ್ಲಿ ಅಳೆದು ಹೇಳಬೇಕು, ಹಾಳಾಗಿದ್ದರೆ ತೆಗೆದುಕೊಳ್ಳಬೇಕು.

ನನ್ನ ಅಂಗಡಿಯ ಹಿಂದೆ ಹನ್ನೊಂದು ಒಡೆದ ಪ್ಯಾನೆಲ್ ಗೋಡೆಗೆ ಒರಗಿಸಿಟ್ಟಿದ್ದೇನೆ. ಗುಜರಿಗೆ ಹಾಕಲು ಮನಸ್ಸಿಲ್ಲ. ಎಲ್ಲಿಗೆ ತರಬೇಕು ಅಂತ ಸಂಬಂಧಪಟ್ಟವರು ತಿಳಿಸಿದರೆ ನಾನೇ ಗಾಡಿ ಮಾಡಿಕೊಂಡು ತಂದು ಕೊಡುತ್ತೇನೆ.

– ಸೋಲಾರ್ ಮೆಕ್ಯಾನಿಕ್, ಸಿದ್ದಾಪುರ, ಉತ್ತರ ಕನ್ನಡ