ಮಾರ್ಕ್ ಟ್ವೈನ್ ಹತ್ತಿದ ರೈಲುಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಸೀನಾ,

ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಇಂಡಿಯಾದಲ್ಲಿ ಮಾಡಿದ ರೈಲು ಪ್ರವಾಸದ್ದು ಅಂತ ನೀನು ಕಳಿಸಿದ ನಕ್ಷೆ ನೋಡಿದೆ. ಮುಂಬೈ, ಪುಣೆ, ಬರೋಡಾ, ಅಲಹಾಬಾದ್, ಕಾಶಿ ಎಲ್ಲ ಸರಿಯಾಗೇ ಕೂತಿವೆ. ಆದರೆ ಕಲ್ಕತ್ತೆಯಿಂದ ಡಾರ್ಜಿಲಿಂಗ್‌ಗೆ ಎಳೆದಿರೋ ಗೆರೆ ಮೊದಲು ಅಳಿಸು ಮಾರಾಯ. ಅದು ಗಂಗೆಗೆ ಕಟ್ಟಿದ ಫರಕ್ಕಾ ಅಣೆಕಟ್ಟಿನ ಮೇಲೆ ಹೋಗುವ ಈಗಿನ ದಾರಿ, 1970ರ ದಶಕದ್ದು. ಟ್ವೈನ್ ಹೋದದ್ದು 1896ರ ಫೆಬ್ರವರಿಯಲ್ಲಿ!

ಆಗ ಡಾರ್ಜಿಲಿಂಗ್ ಅಂದರೆ ಕಲ್ಕತ್ತೆಯ ಸಿಯಾಲ್ದಾ ನಿಲ್ದಾಣದಲ್ಲಿ ಬ್ರಾಡ್ ಗೇಜ್ (ಅಗಲ ಹಳಿಯ) ರೈಲು ಹತ್ತಿ ದಾಮುಕ್ದಿಯಾ ಘಾಟ್‌ನಲ್ಲಿ ಇಳಿಯಬೇಕು. ಪದ್ಮಾ ನದಿಗೆ ಸೇತುವೆ ಇಲ್ಲ, ಅದು ಬಂದದ್ದು 1915ರಲ್ಲಿ. ಸ್ಟೀಮರ್‌ನಲ್ಲಿ ಆಚೆ ದಡದ ಸಾರಾ ಘಾಟ್ ಸೇರಿ, ಸಿಲಿಗುರಿವರೆಗೆ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ), ಅಲ್ಲಿಂದ ಬೆಟ್ಟಕ್ಕೆ ಎರಡಡಿ ಅಗಲದ ಪುಟಾಣಿ ಹಳಿ. ಮೂರು ಅಳತೆಯ ಹಳಿ, ನಡುವೆ ಒಂದು ನದಿ. ಆ ಘಾಟ್‌ಗಳೆರಡೂ ಈಗ ಬಾಂಗ್ಲಾದೇಶದಲ್ಲಿವೆ. ಹಾಗಾಗಿ ಒಂದೇ ಬಣ್ಣದ ಗೆರೆ ಸಾಲದು. ಗೇಜಿಗೊಂದು ಬಣ್ಣ ಕೊಡು, ಸ್ಟೀಮರ್‌ಗೆ ಚುಕ್ಕೆ ಸಾಲು ಹಾಕು. ಆಗ್ರಾದಿಂದ ಜೈಪುರಕ್ಕೂ ಮೀಟರ್ ಗೇಜೇ, ಮರೆಯಬೇಡ.

ಇಳಿಯುವ ದಾರಿಗಂತೂ ಬೇರೆಯೇ ಗುರುತು ಬೇಕು. ಪುಣ್ಯಾತ್ಮ ಅರವತ್ತರ ವಯಸ್ಸಿನಲ್ಲಿ ಎಂಜಿನ್ನೇ ಇಲ್ಲದ ಟ್ರಾಲಿ ಏರಿ ಮೂವತ್ತೈದು ಮೈಲಿ ಬೆಟ್ಟ ಇಳಿದ! ಬರೀ ಇಳಿಜಾರು ಮತ್ತು ಬ್ರೇಕು. ಪ್ರವಾಸ ಕಥನದಲ್ಲಿ ಆ ದಿನವನ್ನು ಹೊಗಳಿದಷ್ಟು ತಾಜಮಹಲನ್ನೂ ಹೊಗಳಿಲ್ಲ. ಪ್ರಕಾಶನ ಸಂಸ್ಥೆ ಮುಳುಗಿ, ಸಾಲ ತೀರಿಸಲು ಊರೂರು ಭಾಷಣ ಮಾಡುತ್ತಿದ್ದವನಿಗೆ ಅಷ್ಟಾದರೂ ಖುಷಿ ಸಿಕ್ಕಿತಲ್ಲ ಅನ್ನಿಸುತ್ತೆ ನನಗೆ.

ಇನ್ನು ನಿನ್ನ ವೇಳೆಯ ಪಟ್ಟಿ. ಆಗ ಊರಿಗೊಂದು ಸಮಯ, ರೈಲುಗಳು ಮಾತ್ರ ಓಡುತ್ತಿದ್ದದ್ದು ಮದ್ರಾಸ್ ಸಮಯಕ್ಕೆ. ಮುಂಬೈ ಗಡಿಯಾರ ಅದಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ, ಕಲ್ಕತ್ತೆಯದು ಅರ್ಧ ಗಂಟೆ ಮುಂದೆ. ಭಾಷಣದ ಹೊತ್ತು ಊರಿನ ಗಡಿಯಾರದ್ದಾದರೆ, ರೈಲಿನದು ಮದ್ರಾಸಿನದು. ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿದರೆ ಭಾಷಣ ಮುಗಿಯೋ ಮೊದಲೇ ಅವನನ್ನು ರೈಲು ಹತ್ತಿಸಿಬಿಡ್ತೀಯ.

ಮೈಸೂರಿಗೆ ಚುಕ್ಕೆ ಇಡಲೇ ಅಂತ ಕೇಳಿದ್ದೆ. ಬೇಡ. ಬೆಂಗಳೂರು–ಮೈಸೂರು ರೈಲು 1882ರಿಂದಲೇ ಇತ್ತು, ಆದರೂ ಅವನು ಈ ಕಡೆ ತಲೆ ಹಾಕಲಿಲ್ಲ. ಕಲ್ಕತ್ತೆಯಲ್ಲಿ ಹಡಗು ಹತ್ತಿ, ಮದ್ರಾಸು ಮುಟ್ಟಿ ಸಿಂಹಳಕ್ಕೆ ಹೋದ. ಇದನ್ನೆಲ್ಲ ತಿದ್ದಿದ ಮೇಲೆ ಮತ್ತೆ ಕಳಿಸು.

ನಿನ್ನ,
ರಘು