ಗಿಡದ್ದು ತಾನೇ ಅನ್ನುವ ಮೊದಲು

ಪ್ರಿಯ ಓದುಗರೇ,

ಮನೆಮದ್ದಿನ ಪುಟಕ್ಕೆ ನೀವು ಕಳಿಸಿದ ಪತ್ರಗಳನ್ನೆಲ್ಲ ಎರಡೆರಡು ಸಲ ಓದಿದೆ. ಕೆಮ್ಮಿಗೆ ದೊಡ್ಡಪತ್ರೆ, ಮೊಡವೆಗೆ ಬೇವು, ಬಿಸಿಲಿಗೆ ಕಪ್ಪಾದ ಮುಖಕ್ಕೆ ನಿಂಬೆ, ಮಿಕ್ಕಿದ್ದಕ್ಕೆಲ್ಲ ಲೋಳೆಸರ. ಇಷ್ಟು ಜನ ಕುಂಡದಲ್ಲಿ ಗಿಡ ಬೆಳೆಸುತ್ತಿದ್ದಾರಲ್ಲ ಅಂತ ತುಂಬಾ ಖುಷಿಯಾಯಿತು. ಆದರೆ ಪತ್ರದಿಂದ ಪತ್ರಕ್ಕೆ ಒಂದೇ ಮಾತು ಬರುತ್ತಿತ್ತು: "ಗಿಡದ್ದು ತಾನೇ, ಏನೂ ಆಗಲ್ಲ." ಇದನ್ನು ಮಾತ್ರ ನಾನು ಒಪ್ಪಲಾರೆ. ಎಲೆಯಲ್ಲಿ ಗುಣ ಇದೆ ಅಂದಮೇಲೆ ಅದು ಮೈಮೇಲೆ ಏನೋ ಕೆಲಸ ಮಾಡುತ್ತದೆ ಅಂತಲೇ ಅರ್ಥ, ಅಲ್ವಾ? ಆ ಕೆಲಸ ಒಳ್ಳೆಯದಕ್ಕೂ ಆದೀತು, ಕೆಟ್ಟದ್ದಕ್ಕೂ ಆದೀತು.

ಲೋಳೆಸರವನ್ನೇ ತಗೊಳ್ಳಿ. ಒಂದು ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ತುದಿ ಕೆಳಗಿರುವಂತೆ ಲೋಟದಲ್ಲಿ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಸಿಪ್ಪೆಯ ಅಂಚಿನಿಂದ ಹಳದಿ ಹನಿ ಇಳಿಯುತ್ತದೆ. ಘಾಟು ವಾಸನೆ. ಅದು ಲೋಳೆ ಅಲ್ಲ. ಸಿಪ್ಪೆಗೂ ಲೋಳೆಗೂ ನಡುವೆ ಹರಿಯುವ ಬೇರೆಯೇ ರಸ. ಅದರಲ್ಲಿ ಅಲೋಯಿನ್ ಇದೆ. ಕೆಲವರ ಚರ್ಮಕ್ಕೆ ತಾಗಿದರೆ ತುರಿಕೆ, ಹೊಟ್ಟೆಗೆ ಹೋದರೆ ಜೋರು ಭೇದಿ. ಸುಮಾರು ಹದಿನೈದು ನಿಮಿಷ ಹಾಗೇ ಬಿಟ್ಟು, ಎಲೆ ತೊಳೆದು, ಸಿಪ್ಪೆ ಪೂರ್ತಿ ತೆಗೆದು, ಗಾಜಿನಂಥ ತಿಳಿ ತಿರುಳನ್ನಷ್ಟೇ ಬಳಸಿ. ಮೊದಲ ಸಲವಾದರೆ ಮುಂಗೈ ಒಳಭಾಗಕ್ಕೆ ಒಂದು ಚೂರು ಹಚ್ಚಿ ಎರಡು ದಿನ ಕಾಯಿರಿ. ಮುಖ ಆಮೇಲೆ.

ನಿಂಬೆಯ ವಿಷಯ ನನಗೆ ಕೈಯಾರೆ ಗೊತ್ತು. ಹೋದ ಬೇಸಿಗೆಯಲ್ಲಿ ನಿಂಬೆ ಹಿಂಡಿದ ಕೈ ತೊಳೆಯದೆ ಬಿಸಿಲಲ್ಲಿ ಕಳೆ ಕೀಳಲು ಕೂತೆ. ಆವತ್ತು ಏನೂ ಆಗಲಿಲ್ಲ. ಎರಡನೇ ದಿನ ಬೆರಳುಗಳ ನಡುವೆ ಉರಿ, ಕೆಂಪು, ಆಮೇಲೆ ಸಾಲಾಗಿ ನೀರುಗುಳ್ಳೆ. ಗುಳ್ಳೆ ಒಣಗಿತು, ಕಂದು ಕಲೆ ಮಾತ್ರ ಎರಡು ತಿಂಗಳು ಹೋಗಲಿಲ್ಲ. ನಿಂಬೆಯಲ್ಲಿರುವ ಫ್ಯುರಾನೊಕೌಮರಿನ್ ಎಂಬ ವಸ್ತು ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮವನ್ನು ಸುಡುತ್ತದೆ, ಆದರೆ ಅದು ಕಾಣುವುದು ಒಂದೆರಡು ದಿನದ ಮೇಲೆ. ಹುಳಿಯ ಕಾಟ ಬೇರೆ. ಚರ್ಮದ ಪಿಎಚ್ ಸುಮಾರು 5, ನಿಂಬೆರಸದ್ದು 2ರ ಆಸುಪಾಸು. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಆಮ್ಲದ ಬಲ ಹತ್ತು ಪಟ್ಟು ಏರುತ್ತದೆ. ಕಲೆ ಹೋಗಲಿ ಅಂತ ಹಚ್ಚಿದ್ದೇ ಕಲೆ ತರಬಹುದು. ಅದಕ್ಕೇ ಮುಖಕ್ಕೆ ನಿಂಬೆ ಹಚ್ಚುವ ಮೂರು ಪತ್ರಗಳನ್ನು ಕೈಬಿಟ್ಟಿದ್ದೇನೆ. ಕಳಿಸಿದವರು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಪುದೀನದ ತಂಪು ನನಗೂ ಇಷ್ಟ. ಅದರ ಮೆಂಥಾಲ್ ಚಳಿ ಗುರುತಿಸುವ ನರಗಳನ್ನು ಎಬ್ಬಿಸುತ್ತದೆ, ಹಾಗಾಗಿ ಚರ್ಮ ತಣ್ಣಗಾಗದಿದ್ದರೂ ತಣ್ಣಗಾದ ಹಾಗೆ ಅನ್ನಿಸುತ್ತದೆ. ದೊಡ್ಡವರಿಗೆ ಸರಿ. ಹಸುಗೂಸಿನ ಮೂಗಿನ ಹತ್ತಿರ ಮೆಂಥಾಲ್ ಬೇಡವೇ ಬೇಡ, ಉಸಿರು ಕಟ್ಟಬಹುದು. ಮಕ್ಕಳಿಗೆ ಬೇವಿನೆಣ್ಣೆ ಕುಡಿಸಲೇಬಾರದು. ವರ್ಷ ತುಂಬದ ಮಗುವಿಗೆ ಯಾವ ರಸದ ಜೊತೆಗೂ ಜೇನು ಬೇಡ. ಸುಟ್ಟ ಗಾಯಕ್ಕೆ ಮೊದಲು ಯಾವ ಎಲೆಯೂ ಬೇಡ. ಹರಿಯುವ ತಣ್ಣೀರು, 20 ನಿಮಿಷ.

ಇನ್ನು ಹೆಸರಿನ ಗೊಂದಲ. ಒಬ್ಬರು ಬ್ರಾಹ್ಮಿ ಅಂದರೆ ಒಂದೆಲಗ, ಇನ್ನೊಬ್ಬರಿಗೆ ಅದು ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಗಿಡ. ಚರ್ಮದ ಮುಲಾಮಿಗೆ ಹಾಕುವುದು ಕ್ಯಾಲೆಂಡುಲಾ, ಅದು ಚೆಂಡುಹೂವಲ್ಲ. ಕತ್ತಾಳೆಯನ್ನು ಲೋಳೆಸರ ಅಂದುಕೊಂಡು ಕೊಯ್ದವರಿದ್ದಾರೆ. ಕತ್ತಾಳೆಯ ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ತಾಗಿದ ಕಡೆ ಚುಚ್ಚಿ ಉರಿಯುತ್ತದೆ.

ಹಾಗಾಗಿ ಮುಂದಿನ ಸಂಚಿಕೆಗೆ ಬರೆಯುವಾಗ ಗಿಡದ ಫೋಟೋ ಜೊತೆಗಿರಲಿ. ಸಸ್ಯಶಾಸ್ತ್ರದ ಹೆಸರು ಗೊತ್ತಿದ್ದರೆ ಅದನ್ನೂ ಹಾಕಿ. ಯಾವ ಭಾಗ, ಎಷ್ಟು, ಎಷ್ಟು ಹೊತ್ತು, ಯಾವ ವಯಸ್ಸಿನವರಿಗೆ ಬೇಡ ಅಂತ ತಿಳಿಸಿ. ಹಚ್ಚಿ ಸರಿಹೋಗದಿದ್ದರೆ ಅದನ್ನೂ ಬರೆಯಿರಿ. ಅಂಥ ಪತ್ರಗಳನ್ನು ಮೊದಲು ಅಚ್ಚು ಹಾಕುತ್ತೇನೆ.

ನಿಮ್ಮ ಸಂಪಾದಕ