ಹೆಸರು ಹೇಳಬೇಡ, ಹೇಗಿದೆ ಹೇಳು

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಪತ್ರವನ್ನು ಮಕ್ಕಳ ಕೈಯಲ್ಲೇ ಕಳಿಸುತ್ತಿದ್ದೇನೆ. ಕನ್ನಡ ಓದಲು ಬಾರದ ಮನೆಗಳಲ್ಲಿ ಮಕ್ಕಳೇ ಓದಿ ಹೇಳಲಿ. ಅಲ್ಲಲ್ಲಿ ತಡವರಿಸಿದರೆ ಗದರಬೇಡಿ.

ಹೋದ ಶನಿವಾರ ಬೆಳಿಗ್ಗೆ ಐದನೇ ತರಗತಿಯ ಗಲಾಟೆ ಗೇಟಿನವರೆಗೂ ಕೇಳುತ್ತಿತ್ತು. ಅಲ್ಲಿ ನಿಂತಿದ್ದ ತಾಯಿಯೊಬ್ಬರು "ಏನ್ ಮೇಡಂ, ಇವತ್ತು ಪಾಠ ಇಲ್ವಾ?" ಅಂತ ಕೇಳಿದರು. ಪಾಠವೇ ನಡೆಯುತ್ತಿತ್ತು. ಅದೇನು ಪಾಠ ಅಂತ ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಒಂದು ಹಳೆಯ ದಿಂಬಿನ ಕವರ್. ಅದರೊಳಗೆ ಮನೆಯಲ್ಲಿ ಬಳಸುವ ಯಾವುದಾದರೂ ಒಂದು ಸಾಮಾನು. ಒಂದು ಮಗು ಒಳಗೆ ಕೈ ಹಾಕಿ ಮುಟ್ಟಿ ನೋಡುತ್ತದೆ. ಇಣುಕುವ ಹಾಗಿಲ್ಲ. ಅದು ಹೇಗಿದೆ, ಯಾವುದರಿಂದ ಮಾಡಿದ್ದು, ಏತಕ್ಕೆ ಬರುತ್ತದೆ ಅಂತ ಕನ್ನಡದಲ್ಲಿ ಹೇಳಬೇಕು. ಹೆಸರು ಮಾತ್ರ ಹೇಳಬಾರದು. ಉಳಿದವರು ಮೂರು ಪ್ರಶ್ನೆ ಕೇಳಬಹುದು, ಆಮೇಲೆ ಊಹಿಸಬೇಕು. ಇಷ್ಟೇ ಆಟ.

ನಮ್ಮ ಶಾಲೆಯ ಮಕ್ಕಳು ಎಲ್ಲೆಲ್ಲಿಂದ ಬಂದವರು ಅಂತ ನಿಮಗೇ ಗೊತ್ತು. ಪೀಣ್ಯದ ಫ್ಯಾಕ್ಟರಿ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರ ಮಕ್ಕಳಿದ್ದಾರೆ. ಯಾದಗಿರಿ, ರಾಯಚೂರಿನ ಕಡೆಯವರಿದ್ದಾರೆ. ಮನೆಯಲ್ಲಿ ಉರ್ದು, ತಮಿಳು, ತೆಲುಗು ಆಡುವವರಂತೂ ಮೊದಲಿನಿಂದಲೂ ಇದ್ದಾರೆ. ಇವರಲ್ಲಿ ಎಷ್ಟೋ ಮಕ್ಕಳು ಕನ್ನಡ ಅಕ್ಷರ ಚೆನ್ನಾಗಿ ಬರೆಯುತ್ತಾರೆ, ಬಾಯಿ ಬಿಡು ಅಂದರೆ ಬಿಡುವುದಿಲ್ಲ. ಒಂದು ಹೆಸರು ಮರೆತರೆ ಸಾಕು, "ಅದು... ಅದೇ ಮಿಸ್..." ಅಂತ ಅಲ್ಲಿಗೇ ನಿಂತುಬಿಡುತ್ತಾರೆ. ಹೆಸರು ಗೊತ್ತಿಲ್ಲದಿದ್ದರೂ ಮಾತು ಮುಂದುವರಿಸುವುದು ಹೇಗೆ ಅಂತ ಕಲಿಸಬೇಕಿತ್ತು. ಅಂಗಡಿಗೆ ಹೋದಾಗ, ಆಸ್ಪತ್ರೆಗೆ ಹೋದಾಗ ಬೇಕಾಗುವುದು ಅದೇ ಅಲ್ವಾ?

ಹೋದ ಶನಿವಾರದ ಗಲಾಟೆ ಹೀಗಾಯಿತು. ಬಿಹಾರದಿಂದ ಬಂದು ಇನ್ನೂ ವರ್ಷ ತುಂಬದ ಹುಡುಗ ಕವರಿನೊಳಗೆ ಕೈ ಹಾಕಿದ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ತಣ್ಣಗಿದೆ. ಗಟ್ಟಿ. ಸ್ಟೀಲು." ಟೀಚರ್ ಮೆಲ್ಲಗೆ "ಸ್ಟೀಲಿನದು" ಅಂದರು. "ಸ್ಟೀಲಿನದು. ದುಂಡಗೆ. ಒಳಗೆ ಖಾಲಿ. ಕೆಳಗೆ ತೂತು. ತೂತು ಜಾಸ್ತಿ." ಎಲ್ಲರೂ "ಜರಡಿ!" ಅಂತ ಕೂಗಿದರು. ಅಲ್ಲ ಅಂತ ತಲೆಯಾಡಿಸಿದ. ಬೆವರು ಒರೆಸಿಕೊಂಡು ಕೊನೆಗೆ ಹೇಳಿದ: "ಮೇಲಿಂದ ಒತ್ತಿದ್ರೆ ಕೆಳಗೆ ಹಾವು ಬರುತ್ತೆ!" ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು. ಚಕ್ಕುಲಿ ಒರಳು! ಆ ಹೆಸರು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಅವರಮ್ಮ ಸೇವ್ ಮಾಡುವುದನ್ನು ನೋಡಿದ್ದ, ಅಷ್ಟೇ. ಇನ್ನು ಆ ಪದವನ್ನು ಅವನು ಮರೆಯುತ್ತಾನೆ ಅಂತ ನನಗನ್ನಿಸುವುದಿಲ್ಲ.

ತಪ್ಪುಗಳೂ ಬೇಕಾದಷ್ಟು ಆಗುತ್ತವೆ. ಹಿಂದಿಯಲ್ಲಿ ಬಾಚಣಿಗೆ ಹೆಣ್ಣು, ಬೀಗ ಗಂಡು. ಕನ್ನಡದಲ್ಲಿ ಎರಡೂ 'ಅದು'. ಹಾಗಾಗಿ "ಬಾಚಣಿಗೆ ಒಳಗೆ ಇದ್ದಾಳೆ" ಅನ್ನುವ ಮಾತು ನಮ್ಮಲ್ಲಿ ಮಾಮೂಲು. 'ಳ' ಇನ್ನೊಂದು ತಲೆನೋವು. ಒಬ್ಬಳು "ಅಮ್ಮನ ಕೈಯಲ್ಲಿ ಬಲೆ" ಅಂದಾಗ, ಇವರಮ್ಮ ಮೀನು ಹಿಡಿಯುತ್ತಾರೇನೋ ಅಂದುಕೊಂಡರು ಪಕ್ಕದ ಬೆಂಚಿನವರು. ಅವಳು ಹೇಳಿದ್ದು ಬಳೆ. ಹತ್ತು ಸಲ ಕಾಪಿ ಬರೆಸಿದ್ದರೂ ಆ ವ್ಯತ್ಯಾಸ ಅಷ್ಟು ಬೇಗ ತಲೆಗೆ ಹೋಗುತ್ತಿರಲಿಲ್ಲ.

ಕನ್ನಡ ಮನೆಮಾತಿನ ಮಕ್ಕಳಿಗೆ ಇದರಿಂದ ಏನು ಲಾಭ ಅಂತ ಕೆಲವರು ಕೇಳಿದ್ದೀರಿ. ಚೀಟಿಯಲ್ಲಿ ಚಿತ್ರ ನೋಡಿ ವರ್ಣಿಸುವ ಸುತ್ತಿನಲ್ಲಿ ಯಾದಗಿರಿಯ ಹುಡುಗಿಯೊಬ್ಬಳು ಉತ್ತರವಾಗಿ "ಕಸಬರಿಗೆ" ಅಂದಳು. ಇಲ್ಲಿನ ಮಕ್ಕಳು ನಕ್ಕರು. ಅವರಿಗೆ ಗೊತ್ತಿದ್ದದ್ದು ಪೊರಕೆ. ಟೀಚರ್ ಎರಡನ್ನೂ ಬೋರ್ಡ್ ಮೇಲೆ ಬರೆದರು. ಹಾಸನದ ಕಡೆಯ ಹುಡುಗ 'ಬರಲು' ಸೇರಿಸಿದ. ನಾನು ಕರಾವಳಿಯವಳು, ಬಾಗಿಲಲ್ಲೇ ನಿಂತು 'ಹಿಡಿಸೂಡಿ' ಅಂದೆ. ಆ ಹುಡುಗಿಯನ್ನು ನೋಡಿ ಮತ್ತೆ ಯಾರೂ ನಗಲಿಲ್ಲ.

ಆಟದಲ್ಲಿ ಪಾಠ ಹೇಳುವುದು ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದಲ್ಲ. ಚಿಕ್ಕ ಮಕ್ಕಳಿಗೆ ಆಡಿಸುತ್ತಾ ಕಲಿಸುವ ನಲಿಕಲಿ ಪದ್ಧತಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಇನ್ನು ಹೆಸರು ಮುಚ್ಚಿಟ್ಟು ವಸ್ತುವನ್ನು ಹೇಳುವ ಆಟ ನಿಮ್ಮ ಅಜ್ಜಿಗೂ ಬರುತ್ತಿತ್ತು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರೆ ಮಲ್ಲಿಗೆ ಹೂವು ಅಂತ ಯಾರು ಹೇಳಿಕೊಟ್ಟರು ನೆನಪಿಸಿಕೊಳ್ಳಿ.

ಒಂದು ತಪ್ಪು ನನ್ನದೂ ಇದೆ. ಶುರುವಿನಲ್ಲಿ ನಾನೇ ಅಂಕ ಇಡಿಸಿದ್ದೆ, ತಪ್ಪು ಮಾತಿಗೆ ಒಂದು ಅಂಕ ಕಡಿತ. ಎರಡೇ ವಾರದಲ್ಲಿ ಮೊದಲೇ ಮಾತು ಬಲ್ಲ ನಾಲ್ಕು ಮಕ್ಕಳು ಮಾತ್ರ ಕೈ ಎತ್ತುತ್ತಿದ್ದರು. ಅಂಕ ತೆಗೆಸಿದೆ. ಈಗ ಸರದಿ ಎಲ್ಲರಿಗೂ ಬರುತ್ತದೆ. ಸುಮ್ಮನಿರಬೇಕು ಅನ್ನಿಸಿದವರು ಒಂದೇ ಮಾತು ಹೇಳಿ ಕೂರಬಹುದು.

ನಿಮ್ಮಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಶುಕ್ರವಾರ ಮನೆಯ ಒಂದು ಸಾಮಾನು ಕಳಿಸಿ. ಹೊಸದು ಕೊಳ್ಳಬೇಡಿ. ಹಳೆಯ ಲಟ್ಟಣಿಗೆ, ಬೀಗ, ಲಾಳಿಕೆ, ಬಟ್ಟೆಯ ಕ್ಲಿಪ್ಪು ಏನಾದರೂ ಸರಿ. ಗಾಜು, ಬ್ಲೇಡು, ಚಾಕು ಖಂಡಿತ ಬೇಡ. ಮೊನ್ನೆ ಒಬ್ಬ ಮಹಾಶಯ ಪೇಪರಿನಲ್ಲಿ ಸುತ್ತಿಕೊಂಡು ಈಳಿಗೆಮಣೆ ತಂದಿದ್ದ. "ಅಡುಗೆಮನೆ ಸಾಮಾನು ಅಂತ ನೀವೇ ಹೇಳಿದ್ರಲ್ಲ ಮಿಸ್" ಅಂದ. ನನ್ನ ಎದೆ ಝಲ್ ಅಂದದ್ದು ಇನ್ನೂ ನೆನಪಿದೆ.

ಮನೆಯಲ್ಲಿ ಆಡಿಸುವುದಾದರೆ ನಿಮ್ಮ ಮನೆಮಾತಿನಲ್ಲೇ ಆಡಿಸಿ. ಹಿಂದಿಯಲ್ಲೋ ಒಡಿಯಾದಲ್ಲೋ ಒಂದು ಸೌಟನ್ನು ಚೆನ್ನಾಗಿ ವರ್ಣಿಸಬಲ್ಲ ಮಗು ಕನ್ನಡದಲ್ಲೂ ಬೇಗ ದಾರಿ ಹುಡುಕಿಕೊಳ್ಳುತ್ತದೆ, ಇದು ನಾನು ಕಣ್ಣಾರೆ ಕಂಡದ್ದು. ಮಗು ತಡೆದಾಗ ಮಾತ್ರ ಹೆಸರನ್ನು ತಟಕ್ಕನೆ ಹೇಳಿಕೊಡಬೇಡಿ. ಸ್ವಲ್ಪ ಕಾಯಿರಿ. ಕಷ್ಟವೇ, ಗೊತ್ತು. ನನಗೂ ಬಾಯಿ ತುರಿಸುತ್ತದೆ.

ಬರುವ ಶನಿವಾರ ಬೆಳಿಗ್ಗೆ ಬಿಡುವಿದ್ದವರು ಬಂದು ನೋಡಿ. ಹಿಂದಿನ ಬೆಂಚು ಖಾಲಿ ಇರುತ್ತದೆ. ಬಂದವರಿಗೂ ಒಂದು ಸರದಿ ಉಂಟು, ಮೊದಲೇ ಹೇಳಿದ್ದೇನೆ.

ಹಾಗೆಯೇ, ಆ ಚಕ್ಕುಲಿ ಒರಳಿನ ನಕ್ಷತ್ರದ ಬಿಲ್ಲೆ ನನ್ನ ಮೇಜಿನ ಡ್ರಾಯರಿನಲ್ಲೇ ಉಳಿದಿದೆ. ಹಬ್ಬ ಹತ್ತಿರ ಬಂತು, ಯಾರದೋ ಅವರು ಬೇಗ ತೆಗೆದುಕೊಂಡು ಹೋಗಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ